ಜಾಝ್ ಕಾರ್ಯಕ್ರಮ ಮತ್ತೆ ಶುರುವಾಗಿದೆ, ನಿಮ್ಮಿಂದಾಗಿ

ನಮ್ಮ ಜಾಝ್ ರೇಡಿಯೋ ಕಾರ್ಯಕ್ರಮ ಮತ್ತೆ ಪ್ರಸಾರವಾಗುತ್ತಿದೆ. ಈ ಸಲದ ಏಪ್ರಿಲ್ 30ರಂದು, ಅಂತರರಾಷ್ಟ್ರೀಯ ಜಾಝ್ ದಿನಕ್ಕೆ, ರಾತ್ರಿಯಿಡೀ ಸಂಗೀತ ಹಾಕಿದೆವು. ಬೆಳಗಾಗುವವರೆಗೂ ನಿಮ್ಮ ಸಂದೇಶಗಳು ಬರುತ್ತಲೇ ಇದ್ದವು. ಒಬ್ಬೊಬ್ಬರಿಗೂ ಉತ್ತರ ಬರೆಯಬೇಕು ಅಂತ ಕೂತೆ, ಆಗಲಿಲ್ಲ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಹೋದ ವರ್ಷ ಆಗಿನ ರೇಡಿಯೋ ಕೇಂದ್ರದವರು ನಮ್ಮ ಕಾರ್ಯಕ್ರಮದ ಸಮಯವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ಜಾಝ್ ಕೇಳುವವರು ಕಡಿಮೆ, ಅದು ಅರ್ಥವಾಗುವ ಸಂಗೀತ ಅಲ್ಲ ಅಂದರು. ಪ್ರಾಯೋಜಕರೂ ಹಿಂದೆ ಸರಿದರು. ನನಗೆ ತುಂಬಾ ನೋವಾಯಿತು. ಸಮಯ ಹೋಯಿತಲ್ಲ ಅನ್ನುವುದಕ್ಕಿಂತ, ‘ಅರ್ಥವಾಗುವುದಿಲ್ಲ’ ಅಂತ ಕೇಳುಗರ ಪರವಾಗಿ ಬೇರೆ ಯಾರೋ ತೀರ್ಮಾನ ಮಾಡಿದರಲ್ಲ, ಅದು ಜಾಸ್ತಿ ಚುಚ್ಚಿತು.

ಆ ತಿಂಗಳುಗಳಲ್ಲಿ ನನ್ನ ಮನಸ್ಸಿಗೆ ಮತ್ತೆ ಮತ್ತೆ ಬಂದವರು ವಿಲ್ಲಿಸ್ ಕಾನೋವರ್. ನಮ್ಮ ಹಳೆಯ ಕೇಳುಗರಿಗೆ ಈ ಹೆಸರು ಗೊತ್ತು, ಹೊಸಬರಿಗಾಗಿ ಹೇಳುತ್ತೇನೆ. 1955ರಲ್ಲಿ ಅವರು, ಅಮೆರಿಕ ಸರ್ಕಾರ ಹೊರದೇಶಗಳಿಗಾಗಿ ನಡೆಸುತ್ತಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೋದಲ್ಲಿ ಜಾಝ್ ಕಾರ್ಯಕ್ರಮ ಶುರು ಮಾಡಿದರು. 1996ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ. ಶಾರ್ಟ್‌ವೇವ್‌ನಲ್ಲಿ ಕರಕರ ಸದ್ದಿನ ನಡುವೆ ಪೋಲೆಂಡ್, ಹಂಗೇರಿ, ಸೋವಿಯತ್ ಒಕ್ಕೂಟದ ಜನ ಅವರನ್ನು ಕೇಳುತ್ತಿದ್ದರು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ತಿಳಿಯಲಿ ಅಂತ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ರಾಜಕೀಯದ ಭಾಷಣ ಇಲ್ಲ. ಹಾಡಿನ ಹೆಸರು, ನುಡಿಸಿದವರ ಹೆಸರು, ಆಮೇಲೆ ಸಂಗೀತ, ಅಷ್ಟೇ. 1959ರಲ್ಲಿ ಅವರು ಪೋಲೆಂಡ್‌ಗೆ ಹೋದಾಗ ಸ್ವಾಗತಕ್ಕೆ ವಿಮಾನ ನಿಲ್ದಾಣದಲ್ಲಿ ಜನರ ಗುಂಪೇ ಸೇರಿತ್ತು. ಆದರೆ ಅಮೆರಿಕದಲ್ಲೇ ಅವರ ಹೆಸರು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಸರ್ಕಾರ ಹೊರದೇಶಗಳಿಗಾಗಿ ಮಾಡುವ ಪ್ರಸಾರವನ್ನು ದೇಶದೊಳಗೆ ಹರಡಬಾರದು ಅಂತ 1948ರ ಕಾನೂನು ತಡೆದಿತ್ತು.

ಅವರಿಂದ ನಾವು ಕಲಿತದ್ದು ಇಷ್ಟು: ಎದುರಿಗಿಲ್ಲದ ಕೇಳುಗರಿಗೂ ಮರ್ಯಾದೆ ಕೊಟ್ಟು ಮಾತಾಡಬೇಕು. ಅದಕ್ಕೇ ನಮ್ಮ ಕಾರ್ಯಕ್ರಮದಲ್ಲಿ ಸೋಲೋ, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಭಾಗ, ನಡೆಯುವಾಗ ಅದರ ಮೇಲೆ ಮಾತಾಡುವುದಿಲ್ಲ. ತಂಡದ ನಾಯಕರ ಹೆಸರಿನ ಜೊತೆ ಬೇಸ್ (ತಗ್ಗು ಸ್ವರದ ತಂತಿವಾದ್ಯ) ನುಡಿಸಿದವರು, ಡ್ರಮ್ಸ್ ನುಡಿಸಿದವರು, ಎಲ್ಲರ ಹೆಸರನ್ನೂ ಹೇಳುತ್ತೇವೆ. ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಆದರೆ ಹೆಸರು ಗೊತ್ತಾದ ಮೇಲೆ ಕಿವಿ ಆ ವಾದ್ಯವನ್ನು ಹುಡುಕುತ್ತದೆ. ‘ಇಷ್ಟು ದಿನ ಬೇಸ್ ಇದೆ ಅಂತಲೇ ಗೊತ್ತಿರಲಿಲ್ಲ, ಈಗ ಅದನ್ನೇ ಕೇಳ್ತೀನಿ’ ಅಂತ ಬರೆದವರು ಒಬ್ಬರಲ್ಲ, ಹಲವರು.

ನೀವು ಅತಿ ಹೆಚ್ಚು ಪತ್ರ ಬರೆದದ್ದು ‘ಟ್ರೇಡಿಂಗ್ ಫೋರ್ಸ್’ (ನಾಲ್ಕರ ಸರದಿ) ಬಗ್ಗೆ ಮಾತಾಡಿದ ರಾತ್ರಿ. ಸ್ಯಾಕ್ಸೋಫೋನ್ ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ನುಡಿಸುತ್ತದೆ, ಡ್ರಮ್ಸ್ ನಾಲ್ಕು ಬಾರ್ ನುಡಿಸುತ್ತದೆ, ಮತ್ತೆ ಸ್ಯಾಕ್ಸೋಫೋನ್. ತನಿ ಆವರ್ತನದಲ್ಲಿ ಮೃದಂಗಕ್ಕೆ ಘಟ ಉತ್ತರ ಕೊಡುವ ಹಾಗೆ. ಹಿಂದಿನವರು ಏನು ನುಡಿಸಿದರು ಅಂತ ಕೇಳಿಸಿಕೊಳ್ಳದಿದ್ದರೆ ಮುಂದಿನ ನಾಲ್ಕು ಬಾರ್‌ಗೆ ಅರ್ಥವೇ ಇರುವುದಿಲ್ಲ. ಆ ರಾತ್ರಿ ಪತ್ರ ಬರೆದವರಲ್ಲಿ ಕರ್ನಾಟಕ ಸಂಗೀತದ ರಸಿಕರಿದ್ದರು, ರಾಕ್ ಬ್ಯಾಂಡ್‌ನ ಹುಡುಗರಿದ್ದರು, ಯಾವ ಸಂಗೀತವನ್ನೂ ಕಲಿಯದವರೂ ಇದ್ದರು. ಕದ್ರಿ ಗೋಪಾಲನಾಥ್ ಅವರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ನುಡಿಸಿದ 2008ರ ಆಲ್ಬಮ್ ಕೇಳಿಯೇ ಜಾಝ್ ಕಡೆ ಬಂದೆ ಅಂತ ಒಬ್ಬ ಹಿರಿಯರು ಬರೆದರು. ಅವರ ಪತ್ರಕ್ಕೆ ಆ ಬ್ಯಾಂಡ್‌ನ ಹುಡುಗರೇ ಉತ್ತರ ಕೊಟ್ಟರು. ಈಗ ಅವರು ತಿಂಗಳಿಗೊಮ್ಮೆ ಒಟ್ಟಿಗೆ ಕೂತು ರೆಕಾರ್ಡ್ ಕೇಳುತ್ತಾರಂತೆ. ಜಾಝ್ ಜನರನ್ನು ಸೇರಿಸುತ್ತದೆ ಅಂತ ನಾನು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಇಂಥವೇ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಈ ಸಂಗೀತ ಹುಟ್ಟಿದ್ದು ಅಮೆರಿಕದಲ್ಲಿ, ಕರಿಯರನ್ನು ಬೇರೆ ಇಟ್ಟಿದ್ದ ಸಮಾಜದಲ್ಲಿ. ಜಾಝ್ ತಂಡದ ನಾಯಕ ಡ್ಯೂಕ್ ಎಲಿಂಗ್ಟನ್ 1927ರ ಕೊನೆಯಲ್ಲಿ ನ್ಯೂಯಾರ್ಕ್‌ನ ಕಾಟನ್ ಕ್ಲಬ್ ಅನ್ನುವ ನೈಟ್‌ಕ್ಲಬ್‌ನಲ್ಲಿ ನುಡಿಸಲು ಸೇರಿದರು. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಮುಂದೆ ಕೂತವರು ಬಿಳಿಯರು. ಆದರೆ ಅಲ್ಲಿಂದ ರೇಡಿಯೋ ಪ್ರಸಾರ ಶುರುವಾದ ಮೇಲೆ, ಆ ಬಾಗಿಲಿನೊಳಗೆ ಬಿಟ್ಟುಕೊಳ್ಳದ ಜನರ ಮನೆಗೂ ಅದೇ ಸಂಗೀತ ಹೋಯಿತು. ರೇಡಿಯೋ ಮಾಡಿದ ದೊಡ್ಡ ಕೆಲಸ ಅದು. ಹಾಗಂತ ಸಂಗೀತ ಕೇಳಿಸಿದ ಮಾತ್ರಕ್ಕೆ ಅನ್ಯಾಯ ಹೋಗಲಿಲ್ಲ. 1957ರಲ್ಲಿ ಅಮೆರಿಕದ ಲಿಟಲ್ ರಾಕ್ ನಗರದಲ್ಲಿ ಕಪ್ಪು ಮಕ್ಕಳನ್ನು ಶಾಲೆಗೆ ಸೇರಲು ಬಿಡದಿದ್ದಾಗ, ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಸರ್ಕಾರದ ಪರವಾಗಿ ಸೋವಿಯತ್ ಒಕ್ಕೂಟಕ್ಕೆ ಹೋಗಲು ಒಪ್ಪಲಿಲ್ಲ. ಈ ವಿಷಯ ಹೇಳಿದ ಸಂಚಿಕೆಯ ನಂತರ ‘ಸಂಗೀತದಲ್ಲಿ ಇದೆಲ್ಲ ಯಾಕೆ’ ಅಂತ ಕೆಲವರು ಕೇಳಿದರು. ಕೇಳಿದ್ದಕ್ಕೂ ಧನ್ಯವಾದ. ಆದರೆ ಒಟ್ಟಿಗೆ ಬಾಳುವ ಮಾತಾಡಿ, ಯಾರನ್ನು ಹೊರಗಿಟ್ಟಿದ್ದರು ಅನ್ನುವುದನ್ನು ಬಿಟ್ಟರೆ ಆ ಕಲಾವಿದರಿಗೆ ದ್ರೋಹ ಮಾಡಿದ ಹಾಗೆ. ಮುಂದೆಯೂ ಹೇಳುತ್ತೇವೆ.

ಈಗ ಹೆಸರು ಹೇಳದೆ ಕೆಲವರಿಗೆ ನಮಸ್ಕಾರ.

ನಮ್ಮ ಸೌಂಡ್ ಎಂಜಿನಿಯರ್‌ಗೆ. ಸಂಬಳ ನಿಂತ ಮೇಲೂ ಅವರು ಬಂದರು. ಡ್ರಮ್ಸ್ ಮೇಲೆ ಬ್ರಷ್ ಆಡಿಸುವ ಸಣ್ಣ ಸದ್ದೂ, ಟ್ರಂಪೆಟ್‌ನ ಜೋರು ಸ್ವರವೂ ಒಂದೇ ಹಾಡಿನಲ್ಲಿರುತ್ತವೆ. ಎರಡನ್ನೂ ಒಂದೇ ಮಟ್ಟಕ್ಕೆ ಒತ್ತಿಬಿಟ್ಟರೆ ಕೆಲಸ ಸುಲಭ, ಆದರೆ ಹಾಡಿನ ಉಸಿರು ಹೋಗುತ್ತದೆ. ಅವರು ಯಾವತ್ತೂ ಹಾಗೆ ಮಾಡಲಿಲ್ಲ. ಫೋನಿನಲ್ಲಿ ಕೇಳುವವರಿಗೆ ಬೇಸ್ ಕೇಳಿಸುವುದಿಲ್ಲ ಅಂತ ಗೊತ್ತಾದಾಗ, ಎಷ್ಟೋ ರಾತ್ರಿ ಕೂತು ಸರಿ ಮಾಡಿದರು.

ತಮ್ಮ ರೆಕಾರ್ಡಿಂಗ್‌ಗಳನ್ನು ಹಾಕಲು ಅನುಮತಿ ಕೊಟ್ಟ ಸ್ವತಂತ್ರ ಕಲಾವಿದರಿಗೆ. ಹಕ್ಕಿನ ಹಣ ಕೊಡಲು ನಮ್ಮ ಹತ್ತಿರ ಆಗದಿದ್ದ ಹೊತ್ತಿನಲ್ಲಿ ‘ಮೊದಲು ಜನ ಕೇಳಲಿ’ ಅಂದರು ನೀವು. ಈಗ ಹಣ ಬರಲು ಶುರುವಾಗಿದೆ. ಮೊದಲ ಪಾಲು ನಿಮ್ಮದೇ.

ಈಗ ಜಾಗ ಕೊಟ್ಟಿರುವ ಸಣ್ಣ ಕೇಂದ್ರದವರಿಗೆ. ಸಮಯ ತೀರಾ ತಡರಾತ್ರಿ, ಯಾರು ಕೇಳುತ್ತಾರೆ ಅಂತ ನನ್ನ ಆಪ್ತರೂ ಚಿಂತೆ ಮಾಡಿದ್ದರು. 1934ರ ಕೊನೆಗೆ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡಕ್ಕೆ ಸಿಕ್ಕ ರೇಡಿಯೋ ಹೊತ್ತು ಕೂಡ ನ್ಯೂಯಾರ್ಕ್‌ನಲ್ಲಿ ತಡರಾತ್ರಿಯದೇ. ಆದರೆ ಅಮೆರಿಕದ ಪಶ್ಚಿಮ ತೀರದಲ್ಲಿ ಗಡಿಯಾರ ಮೂರು ಗಂಟೆ ಹಿಂದೆ. ಅಲ್ಲಿನ ಹುಡುಗರು ಎದ್ದಿದ್ದು ಕೇಳಿದರು. 1935ರ ಆಗಸ್ಟ್‌ನಲ್ಲಿ ತಂಡ ಲಾಸ್ ಏಂಜಲೀಸ್ ತಲುಪಿದಾಗ ಅವರೇ ತುಂಬಿಕೊಂಡಿದ್ದರು. ನಮಗೂ ಈಗ ದೂರದ ದೇಶಗಳಿಂದ, ಅಲ್ಲಿನ ಸಂಜೆ ಹೊತ್ತಿನಲ್ಲಿ ಇಂಟರ್ನೆಟ್ ಮೂಲಕ ಕೇಳುವವರ ಪತ್ರ ಬರುತ್ತಿವೆ. ಇದು ನಿಜಕ್ಕೂ ಖುಷಿ.

ಕೊನೆಗೆ, ಕಾರ್ಯಕ್ರಮ ನಿಂತಿದ್ದ ದಿನಗಳಲ್ಲಿ ಬರೆದ ನಿಮಗೆಲ್ಲ. ಪ್ರಸಾರವೇ ಇಲ್ಲದ ವಾರಗಳಲ್ಲೂ ‘ಈ ವಾರ ನಾವು ಇದನ್ನು ಕೇಳಿದೆವು, ನೀವೂ ಕೇಳಿ’ ಅಂತ ಹಾಡುಗಳ ಪಟ್ಟಿ ಕಳಿಸಿದಿರಿ. ದುಡ್ಡು ಕಳಿಸಿದವರಿದ್ದೀರಿ, ಮೈಕ್ ಕೊಟ್ಟವರಿದ್ದೀರಿ, ಮನೆಯ ಕೋಣೆಯನ್ನೇ ರೆಕಾರ್ಡಿಂಗ್‌ಗೆ ಬಿಟ್ಟುಕೊಟ್ಟವರಿದ್ದೀರಿ. ಕೇಳುವವರು ಕಡಿಮೆ ಅಂದವರಿಗೆ ನಾನು ಏನೂ ಹೇಳಬೇಕಾಗಲಿಲ್ಲ, ನಿಮ್ಮ ಪತ್ರಗಳನ್ನು ಹೊಸ ಕೇಂದ್ರದವರ ಮುಂದೆ ಇಟ್ಟೆ, ಅಷ್ಟೇ. ಅವರು ಓದಿದರು, ಒಪ್ಪಿದರು.

ಮುಂದಿನ ತಿಂಗಳು ನೀವು ಕಳಿಸಿದ ಆ ಪಟ್ಟಿಗಳಿಂದಲೇ ಕಾರ್ಯಕ್ರಮ ಮಾಡುತ್ತೇವೆ. ಪ್ರತಿ ವಾರ ಒಬ್ಬ ಕೇಳುಗರು ಮೈಕ್ ಮುಂದೆ ಕೂತು, ತಮಗೆ ಇಷ್ಟವಾದ ಹಾಡು ಯಾಕೆ ಇಷ್ಟ ಅಂತ ಹೇಳುತ್ತಾರೆ. ಮೊದಲ ವಾರ ಆ ಹಿರಿಯರು, ಎರಡನೇ ವಾರ ಬ್ಯಾಂಡ್‌ನ ಹುಡುಗರು. ಉಳಿದ ವಾರಗಳಿಗೆ ನಿಮ್ಮ ಹೆಸರು ಕಳಿಸಿ.