ಮಲ್ಪೆಯ ಶೆಡ್ಡಿಗೆ ಯಾವ ಟೇಬಲ್ ಸಾ? ಗೆಳೆಯನಿಗೊಂದು ಪತ್ರ

ಮಾರಾಯ,

ನೀನು ಕಳಿಸಿದ ಮೂರು ಟೇಬಲ್ ಸಾ ಫೋಟೋ ನೋಡಿದೆ, ಅಂದ್ರೆ ಮೇಜಿನ ನಡುವಿಂದ ಬ್ಲೇಡ್ ಮೇಲೆ ಬಂದು ಮರ ಕೊಯ್ಯುವ ಮಷಿನ್. ಎಚ್‌ಪಿ ಎಷ್ಟು, ಬ್ಲೇಡ್ ಎಷ್ಟು ಇಂಚು, ರೇಟ್ ಎಷ್ಟು ಅಂತ ಎಲ್ಲ ಬರ್ದಿದ್ದಿ, ಆದ್ರೆ ಅದನ್ನು ಇಡುವ ಜಾಗ ಮಲ್ಪೆ ಅಂತ ಮಾತ್ರ ಲೆಕ್ಕಕ್ಕೇ ತಕ್ಕೊಂಡ ಹಾಗೆ ಕಾಣುದಿಲ್ಲ. ಫೋನಲ್ಲಿ ಹೇಳಿದ್ರೆ ನಿಂಗೆ ಮರ್ತೇ ಹೋಗ್ತದೆ, ಮತ್ತೆ ಇದೇ ಪ್ರಶ್ನೆ ಬೇರೆಯವ್ರೂ ಕೇಳ್ತಾ ಇರ್ತಾರೆ, ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೀತೇನೆ.

ನಿನ್ನ ಶೆಡ್ ಅಂದ್ರೆ ಹಂಚಿನ ಮಾಡು, ಅರ್ಧ ಗೋಡೆ, ಅದರ ಮೇಲೆ ಜಾಲರಿ. ಸಮುದ್ರದ ಗಾಳಿ ಸೀದಾ ಒಳಗೆ. ಆ ಗಾಳಿಯಲ್ಲಿ ಉಪ್ಪು ಉಂಟು, ಉಪ್ಪಿನ ಗುಣ ಎಂತ ಅಂದ್ರೆ ಗಾಳಿಯ ತೇವ ಶೇಕಡಾ 75 ದಾಟಿತು ಅಂದ್ರೆ ಅದು ತಾನೇ ನೀರು ಎಳ್ಕೊಂಡು ಕರಗ್ತದೆ, ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಉಪ್ಪುನೀರಿನ ಪದರ ಕೂತ ಹಾಗೆ. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ 75ರ ಕೆಳಗೆ ಬರುದೇ ಅಪರೂಪ. ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ತಕ್ಕೊಂಡ್ರೆ ಹೇಗೆ ಅಂತ ಕೇಳಿದ್ದಿಯಲ್ಲ, ಮುಚ್ಚಿದ ರೂಮಾದ್ರೆ ಸರಿ, ಹಂಚಿನ ಸಂದಿ ಇರುವ ನಿನ್ನ ಶೆಡ್ಡಿಗೆ ಹಾಕಿದ್ರೆ ನೀನು ಅರಬ್ಬಿ ಸಮುದ್ರವನ್ನೇ ಒಣಗಿಸ್ಲಿಕ್ಕೆ ಹೊರಟ ಹಾಗೆ, ಕರೆಂಟ್ ಬಿಲ್ ಮಾತ್ರ ಬರ್ತದೆ.

ಈಗ ಮೊದಲನೇ ಫೋಟೋ, ಆ ಹಳೇ ಕಾಸ್ಟ್ ಐರನ್ (ಎರಕದ ಕಬ್ಬಿಣ) ಮಷಿನ್. ನಂಗೂ ಆಸೆ ಆಯ್ತು ನೋಡಿ, ಸುಳ್ಳು ಯಾಕೆ ಹೇಳ್ಬೇಕು. ಭಾರ ಇದ್ದಷ್ಟೂ ನಡುಗುದು ಕಡಿಮೆ, ಬ್ರಷ್ ಇಲ್ಲದ ಇಂಡಕ್ಷನ್ ಮೋಟರ್ ಆದ ಕಾರಣ ಶಬ್ದವೂ ಕಡಿಮೆ, ದಪ್ಪ ಹಲಸಿನ ಹಲಗೆ ಕೊಟ್ರೂ ಉಸಿರು ಕಟ್ಟುದಿಲ್ಲ. ಆದ್ರೆ ಅದು ದಿನಾ ಓಡಿಸುವವನ ಮಷಿನ್ ಮಾರಾಯ. ನಮ್ಮ ಆಚಾರಿಗಳ ಶಾಪಲ್ಲಿ ಬೆಳಗ್ಗಿಂದ ಸಂಜೆವರೆಗೆ ಮರ ಜಾರಿ ಜಾರಿ ಟೇಬಲ್ ಕನ್ನಡಿ ಹಾಗೆ ಇರ್ತದೆ, ತುಕ್ಕಿಗೆ ಕೂತ್ಕೊಳ್ಲಿಕ್ಕೆ ಪುರ್ಸೊತ್ತೇ ಸಿಗುದಿಲ್ಲ. ನೀನು ಬ್ಯಾಂಕ್ ಕೆಲಸದವ, ಮುಟ್ಟುದು ಭಾನುವಾರ ಮಾತ್ರ, ಅದೂ ಮನೆಯಲ್ಲಿ ಮದುವೆ ಮುಂಜಿ ಇಲ್ಲದ್ರೆ. ಒಂದು ಸಂಜೆ ಮರದ ಪುಡಿ ಗುಡಿಸದೆ ಹೋದ್ರೂ ಆ ಪುಡಿ ತೇವ ಹಿಡಿದು ಅದರಡಿಯಲ್ಲಿ ಕೆಂಪು ಕಲೆ ಏಳ್ತದೆ, ಹಸಿ ಅಕೇಶಿಯಾ ಹಲಗೆ ಟೇಬಲ್ ಮೇಲೆ ಬಿಟ್ಟು ಹೋದ್ರೆ ಮರದ ಒಗರು ಅಂಶ ಟ್ಯಾನಿನ್‌ಗೂ ಕಬ್ಬಿಣಕ್ಕೂ ಸೇರಿ ಹಲಗೆ ಕಪ್ಪು, ಟೇಬಲೂ ಕಪ್ಪು.

ಹಾಗಂತ ಮೇಲ್ಮೈಯ ತುಕ್ಕು ನೋಡಿ ಹೆದರ್ಬೇಡ. ಸೀಮೆಎಣ್ಣೆ ಹಾಕಿ ಸ್ಕಾಚ್‌ಬ್ರೈಟಲ್ಲಿ ಉಜ್ಜಿದ್ರೆ ಹೋಗ್ತದೆ, ಟೇಬಲಿನ ಮಟ್ಟಕ್ಕೆ ಎಂತ ಆಗುದಿಲ್ಲ. ಉಗುರಿಗೆ ಸಿಕ್ಕುವ ಹೊಂಡ ಬಿದ್ದಿದ್ರೆ ಮಾತ್ರ ಬೇಡ. ಯಾರೋ ತೆಂಗಿನೆಣ್ಣೆ ಹಚ್ಚಿಡು ಅಂದ್ರಂತೆ, ಅದನ್ನೂ ಮಾಡ್ಬೇಡ, ಪುಡಿ ಅಂಟ್ತದೆ, ಮರಕ್ಕೆ ಎಣ್ಣೆ ಕಲೆ ಆಗ್ತದೆ, ಆಮೇಲೆ ಪಾಲಿಶ್ ಕೂರುದಿಲ್ಲ. ಪೇಸ್ಟ್ ವ್ಯಾಕ್ಸ್ ಹಚ್ಚಿ ಒಣಗಿದ ಮೇಲೆ ಬಟ್ಟೆಯಲ್ಲಿ ಒರೆಸು, ಸಿಲಿಕೋನ್ ಇರುವ ಕಾರ್ ಪಾಲಿಶ್ ಆಗುದಿಲ್ಲ, ಅದು ಮರಕ್ಕೆ ತಾಗಿದ್ರೆ ವಾರ್ನಿಶ್‌ನಲ್ಲಿ ಮೀನಿನ ಕಣ್ಣಿನ ಹಾಗೆ ಗುಳಿ ಬೀಳ್ತದೆ.

ಇನ್ನು ಕರೆಂಟ್. ಮಳೆಗಾಲದಲ್ಲಿ ನಿಮ್ಮಲ್ಲಿ ವೋಲ್ಟೇಜ್ ಬೀಳುದು ನೀನೇ ಹೇಳಿದ್ದು. ಇಂಡಕ್ಷನ್ ಮೋಟರಿನ ತಿರುಗಿಸುವ ಬಲ (ಟಾರ್ಕ್) ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳೀತದೆ, ಅಂದ್ರೆ 230 ಇರ್ಬೇಕಾದಲ್ಲಿ 180 ಬಂದ್ರೆ ಆ ಬಲ ಸುಮಾರು ಶೇಕಡಾ 40 ಹೋಯ್ತು. ಬ್ಲೇಡ್ ಮರದೊಳಗೆ ಇರುವಾಗ ಮೋಟರ್ ಗುಂಯ್ ಅಂತ ನಿಂತು ಬಿಸಿ ಏರ್ತದೆ, ಕಾಯಿಲ್ ಸುಡುದು ಹೀಗೇ. ಹಳೇ ಮಷಿನ್‌ನ ಮೋಟರ್ ಪೂರಾ ಮುಚ್ಚಿದ್ದಾ, ಓಪನ್ ಇದ್ದದ್ದಾ ಅಂತ ನೋಡ್ಲೇಬೇಕು, ಓಪನ್ ಆದ್ರೆ ಪುಡಿಯೂ ತೇವವೂ ಕಾಯಿಲಿಗೇ ಹೋಗ್ತದೆ, ಮಳೆಗಾಲ ಇಡೀ ಸುಮ್ಮನೆ ಇಟ್ಟು ಒಮ್ಮೆಗೇ ಸ್ವಿಚ್ ಹಾಕುವ ಮೊದಲು ಕಾಯಿಲಿನ ಇನ್ಸುಲೇಶನ್ ಸರಿ ಉಂಟಾ ಅಂತ ಅಳೆಯುವ ಮೆಗ್ಗರ್ ಹಿಡಿಸಿ ನೋಡ್ಬೇಕಾಗ್ತದೆ.

ಎರಡನೇ ಫೋಟೋ, ಬಾಷ್ ಜಿಟಿಎಸ್ 10 ಜೆ. 1800 ವ್ಯಾಟ್, 254 ಎಂಎಂ ಬ್ಲೇಡ್, ಅಲ್ಯುಮಿನಿಯಂ ಟೇಬಲ್, ತೂಕ ಸುಮಾರು 26 ಕೆಜಿ. ನಂಗೆ ಕೇಳಿದ್ರೆ ನಿಂಗೆ ಈ ಜಾತಿಯದ್ದೇ ಸರಿ. ಡಿವಾಲ್ಟ್ ಡಿಡಬ್ಲ್ಯುಇ 7491 ಕೂಡ ಇದೇ ವರ್ಗದ್ದು, ಅದರ ಫೆನ್ಸ್, ಅಂದ್ರೆ ಹಲಗೆಯನ್ನು ಒರಗಿಸಿ ತಳ್ಳುವ ಅಡ್ಡಗೋಲು, ಹಲ್ಲಿನ ಪಟ್ಟಿಯ ಮೇಲೆ ಓಡುವ ಕಾರಣ ಎರಡೂ ತುದಿ ಒಟ್ಟಿಗೆ ಜರಗ್ತದೆ, ಬ್ಲೇಡಿಗೆ ಸಮಾನಾಂತರ ತಪ್ಪುದು ಕಡಿಮೆ, ಬಜೆಟ್ ಹಿಗ್ಗಿದ್ರೆ ಅದನ್ನೂ ಒಮ್ಮೆ ಮುಟ್ಟಿ ನೋಡು. ಶಬ್ದ ಜೋರು ಉಂಟು, ಕಿವಿಗೆ ಹಾಕದೆ ಓಡಿಸ್ಬೇಡ, ಮೋಟರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೀತದೆ, ಬದಲಿಸ್ತಾ ಇರ್ಬೇಕು. ಆದ್ರೆ ಟೇಬಲಿಗೆ ಕೆಂಪು ತುಕ್ಕು ಹಿಡಿಯುದಿಲ್ಲ, ಮತ್ತೆ ದೊಡ್ಡ ವಿಷಯ ಎಂತ ಅಂದ್ರೆ ಆಷಾಢದ ಮಳೆಯಲ್ಲಿ ಇಬ್ಬರು ಹಿಡಿದು ಎತ್ತಿ ಮನೆಯೊಳಗೆ ಇಡ್ಲಿಕ್ಕೆ ಆಗ್ತದೆ. ಒಳಗಿನ ಸ್ಕ್ರೂ, ಗಿಯರ್ ಎಲ್ಲ ಸ್ಟೀಲೇ, ಅದಕ್ಕೆ ಗ್ರೀಸ್ ಮೆತ್ತಬೇಡ, ಪುಡಿ ಸೇರಿ ಗಟ್ಟಿಯಾಗ್ತದೆ, ಪುಡಿ ಅಂಟದ ಡ್ರೈ ಲ್ಯೂಬ್ ಹೊಡಿ.

ಮೂರನೇದ್ದು, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ತಲೆಕೆಳಗೆ ಮಾಡಿ ಪ್ಲೈವುಡ್‌ಗೆ ಬಿಗಿದದ್ದು, ಅದನ್ನು ಉಚಿತ ಕೊಟ್ರೂ ಬೇಡ. ಯಾಕೆ ಅಂತ ಹೇಳ್ತೇನೆ. ಮಳೆಗಾಲದಲ್ಲಿ ತೆರೆದ ಶೆಡ್ಡಲ್ಲಿ ಬಿದ್ದಿರುವ ಹಲಗೆಯ ತೇವ ಶೇಕಡಾ 18–20ಕ್ಕೆ ಹೋಗಿ ನಿಲ್ತದೆ, ಹೊರಗೆ ಒಂದು ಒಳಗೆ ಒಂದು ಇದ್ರೆ ಮರದೊಳಗೆ ಎಳೆತ ಇರ್ತದೆ, ಉದ್ದಕ್ಕೆ ಸೀಳುವಾಗ ಬ್ಲೇಡ್ ದಾಟಿದ ಕೂಡ್ಲೇ ಸೀಳು ವಾಪಸ್ ಮುಚ್ಕೊಂಡು ಬ್ಲೇಡಿನ ಹಿಂಬದಿ ಹಲ್ಲನ್ನು ಹಿಡೀತದೆ. ಹಿಂಬದಿ ಹಲ್ಲು ಮೇಲೆ ಏಳುವಂಥದ್ದು, ಹಲಗೆಯನ್ನು ಎತ್ತಿ ಸೀದಾ ನಿನ್ನ ಹೊಟ್ಟೆಗೆ ಎಸೀತದೆ. ಅದನ್ನು ತಡೀಲಿಕ್ಕೇ ಬ್ಲೇಡಿನ ಹಿಂದೆ ರೈವಿಂಗ್ ನೈಫ್ ಅಂತ ಒಂದು ತಗಡು ಇರುದು, ಬ್ಲೇಡಿನೊಟ್ಟಿಗೇ ಏರಿ ಇಳೀತದೆ. ಆ ಪ್ಲೈವುಡ್‌ಗೆ ಬಿಗಿದದ್ದರಲ್ಲಿ ಅದು ಇಲ್ಲ. ನೈಫಿನ ದಪ್ಪವು ಬ್ಲೇಡಿನ ತಟ್ಟೆಗಿಂತ ಜಾಸ್ತಿ, ಹಲ್ಲು ಮಾಡುವ ಸೀಳಿಗಿಂತ ಕಡಿಮೆ ಇರ್ಬೇಕು, ಹಾಗಾಗಿ ಕಡಿಮೆಗೆ ಸಿಕ್ಕಿತು ಅಂತ ತೆಳು ಬ್ಲೇಡ್ ತಂದು ಹಾಕಿದ್ರೆ ಮರ ನೈಫಿಗೇ ಸಿಕ್ಕಿ ನಿಲ್ತದೆ. ಊರಿನ ಹಳೇ ಮಷಿನ್ ಎಷ್ಟೋ ಕಡೆ ನೈಫೂ ಇಲ್ಲ ಗಾರ್ಡೂ ಇಲ್ಲ. ಅದರಲ್ಲೇ ಜೀವಮಾನ ದುಡಿದ ಆಚಾರಿಗಳು ಇದ್ದಾರೆ, ಬೆರಳು ಕೊಟ್ಟವರೂ ಇದ್ದಾರೆ.

ಬೆರಳು ತಾಗಿದ್ರೆ ನಿಲ್ಲುವ ಸಾ‌ಸ್ಟಾಪ್ ಬಗ್ಗೆ ವಿಡಿಯೋ ಕಳಿಸಿದ್ದಿ. ಹೌದು, 5 ಮಿಲಿಸೆಕೆಂಡಿನ ಒಳಗೆ ಬ್ಲೇಡ್ ನಿಲ್ತದೆ, ಚರ್ಮದ ವಿದ್ಯುತ್ ಗುಣ ಗುರುತು ಹಿಡಿದು ಅಲ್ಯುಮಿನಿಯಂ ತುಂಡನ್ನು ಬ್ಲೇಡಿಗೆ ತಳ್ಳುದು. ತುಂಬಾ ಒದ್ದೆ ಮರವೂ ವಿದ್ಯುತ್ ಹರಿಸ್ತದೆ, ಆಗ ಬೆರಳು ತಾಗದೆಯೇ ಬ್ರೇಕ್ ಬೀಳಬಹುದು, ಆ ತುಂಡು ಇರುವ ಕಾರ್ಟ್ರಿಜ್ ಒಂದು ಹೋಯ್ತು, ಬ್ಲೇಡೂ ಹೆಚ್ಚಾಗಿ ಹೋದ ಹಾಗೇ. ಒಳ್ಳೇ ವಸ್ತುವೇ, ಆದ್ರೆ ನಮ್ಮ ಮಳೆಗಾಲದ ಮರ ಅದಕ್ಕೆ ಒಗ್ಗುದು ಕಷ್ಟ.

ಮೊದಲು ಒಂದು ತೇವದ ಮೀಟರ್ ತಕ್ಕೋ. ಉದ್ದಕ್ಕೆ ಸೀಳ್ಲಿಕ್ಕೆ 24 ಹಲ್ಲಿನ ಬ್ಲೇಡ್, ಪ್ಲೈವುಡ್‌ಗೆ 60ರದ್ದು, ತರುವಾಗ ನಡುವಿನ ತೂತಿನ ಅಳತೆ ಮಷಿನಿಗೆ ಸರಿ ಉಂಟಾ ನೋಡು. ಬ್ಲೇಡ್ ಸುತ್ತ ಹಾಕುವ ಇನ್ಸರ್ಟನ್ನು ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನಲ್ಲಿ ಮಾಡ್ಲಿಕ್ಕೆ ಎಲ್ಲರೂ ಹೇಳ್ತಾರೆ, ನಮ್ಮಲ್ಲಿ ಅದು ಉಬ್ಬಿ ಟೇಬಲಿಗಿಂತ ಮೇಲೆ ಬರ್ತದೆ, ಹಲಗೆ ಅಲ್ಲೇ ತಡೀತದೆ, ಅಕ್ರಿಲಿಕ್ ಶೀಟಲ್ಲಿ ಮಾಡು.

ಇನ್ನೊಂದು, ಶೆಡ್ಡಿನ ವಯರಿಂಗ್ ಮನೆಯ ಲೈಟಿನ ಲೈನಿಂದ ಎಳೆದದ್ದಲ್ವಾ? ಅದು ಬೇಡ. 16 ಆಂಪ್ಸ್ ಸಾಕೆಟ್, 2.5 ಸ್ಕ್ವೇರ್ ಎಂಎಂ ತಾಮ್ರದ ವಯರ್ ಬೇರೆಯೇ ಎಳೆಸು, ಅರ್ತಿಂಗ್ ಚೆಕ್ ಮಾಡ್ಸಿ, ಕರೆಂಟ್ ಸೋರಿದ್ರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ ಹಾಕಿಸು, ಒದ್ದೆ ನೆಲದಲ್ಲಿ ನಿಂತು ಕೆಲಸ ಮಾಡುವವ ನೀನು. ಅದು ಆದ ಮೇಲೆ ಫೋನ್ ಮಾಡು, ಉಡುಪಿಯಲ್ಲಿ ಒಟ್ಟಿಗೆ ಹೋಗಿ ಮಷಿನ್ ನೋಡುವ, ನನ್ನ ಸ್ಟೀಲ್ ಸ್ಕೇಲೂ ಮಟ್ಟಗೋಲೂ ತರ್ತೇನೆ, ಅಂಗಡಿಯವ ಮುಖ ಸಿಂಡರಿಸಿದ್ರೂ ಪರ್ವಾಗಿಲ್ಲ, ಟೇಬಲ್ ಮೇಲೆ ಇಟ್ಟು ನೋಡಿಯೇ ದುಡ್ಡು ಕೊಡುದು.