ಕಳೆದುಹೋಗಿದ್ದ ಕೊಂಬು, ಒತ್ತು ಸಿಕ್ಕಿವೆ. ಎಲ್ಲರಿಗೂ ಥ್ಯಾಂಕ್ಸ್

ನಿನ್ನೆ ರಾತ್ರಿ ಹನ್ನೊಂದೂವರೆಗೆ ಪತ್ರಿಕೆಯ ವೆಬ್‌ಸೈಟ್ ಮತ್ತೆ ತೆರೆಯಿತು. 1,840 ಲೇಖನಗಳೂ ಇವೆ, ಕನ್ನಡ ಕನ್ನಡದ ಹಾಗೇ ಕಾಣುತ್ತಿದೆ. ಒಂಬತ್ತು ದಿನದ ನಿದ್ದೆ ಬಾಕಿ ಇತ್ತು. ಇವತ್ತು ಹತ್ತು ಗಂಟೆಗೆ ಎದ್ದು, ಕಾಫಿ ಕುಡಿದು, ಇದನ್ನು ಬರೆಯಲು ಕೂತಿದ್ದೇನೆ.

ಸಾಗರದ ಕಡೆಯ ಸಣ್ಣ ಮಾಸಪತ್ರಿಕೆ ಇದು. 2006ರಲ್ಲಿ ಯಾರೋ ಹುಡುಗರು ವರ್ಡ್‌ಪ್ರೆಸ್ (ವೆಬ್‌ಸೈಟ್ ನಡೆಸುವ ತಂತ್ರಾಂಶ) ಹಾಕಿಕೊಟ್ಟಿದ್ದರು. ಹತ್ತು ವರ್ಷದಿಂದ ನೋಡಿಕೊಳ್ಳುತ್ತಿರುವುದು ನಾನು. ನೋಡಿಕೊಳ್ಳುವುದು ಅಂದರೆ ಮಹಾ ಏನಿಲ್ಲ. ಅಪ್‌ಡೇಟ್ ಬಂದರೆ ಒತ್ತುವುದು. ಅದಕ್ಕೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು, ಅಂದರೆ ಪ್ಲಗಿನ್‌ಗಳು, ಜಗಳವಾಡಿ ಪುಟ ಬೆಳ್ಳಗೆ ಬಿಳಿಚಿಕೊಂಡರೆ ಒಂದೊಂದನ್ನೇ ಆಫ್ ಮಾಡಿ ಕಳ್ಳನನ್ನು ಹಿಡಿಯುವುದು. ಸಂಪಾದಕಿ ಅಕ್ಕ "ಲಿಂಕ್ ಅರ್ಧಕ್ಕೇ ತುಂಡಾಗಿದೆಯಲ್ಲೋ" ಅಂತ ಫೋನ್ ಮಾಡಿದರೆ ಮತ್ತೊಮ್ಮೆ ವಿವರಿಸುವುದು. (ಲಿಂಕಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬಿಗೂ ತಲಾ ಒಂಬತ್ತು ಜಾಗ ಬೇಕು. ವರ್ಡ್‌ಪ್ರೆಸ್ ಕೊಡುವುದು ಒಟ್ಟು 200. ಇಪ್ಪತ್ತೆರಡಕ್ಕೆ ಕತೆ ಮುಗಿಯಿತು. ಅಕ್ಕನ ತಲೆಬರಹಗಳೋ, ಯಾವಾಗಲೂ ಉದ್ದ.)

ಈ ಸಲ ಸರ್ವರ್ ಬದಲಿಸಬೇಕಾಯಿತು. ಲೇಖನಗಳೆಲ್ಲ ಇರುವ ಡೇಟಾಬೇಸ್ ಇಳಿಸಿಕೊಂಡೆ, ಫೈಲ್ ತೆರೆದು ನೋಡಲಿಲ್ಲ. ತಪ್ಪು ನನ್ನದೇ. ಹೊಸ ಕಡೆ ಏರಿಸಿದರೆ ಕನ್ನಡ ಒಂದಕ್ಷರವೂ ಇಲ್ಲ! ಪುಟದ ತುಂಬ ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ, ಅದರ ಪಕ್ಕ ಪುಟಾಣಿ ಎರಡು, ಪುಟಾಣಿ ಮೂರು. ಅಷ್ಟರಲ್ಲಿ ಹಳೆಯ ಸರ್ವರ್ ಕಣ್ಣು ಮುಚ್ಚಿತ್ತು.

ಕಾಯಿಲೆ ಹಳೇದು. 2007ರಲ್ಲಿ 2.2 ಆವೃತ್ತಿ ಬರುವವರೆಗೂ ವರ್ಡ್‌ಪ್ರೆಸ್ ಡೇಟಾಬೇಸ್‌ಗೆ "ಇದು ಯುನಿಕೋಡ್" (ಎಲ್ಲ ಭಾಷೆಗಳ ಅಕ್ಷರಗಳೂ ಇರುವ ಪಟ್ಟಿ) ಅಂತ ಹೇಳುತ್ತಿರಲಿಲ್ಲ. ನಮ್ಮ ಟೇಬಲ್‌ಗಳು ಕನ್ನಡವನ್ನು ಲ್ಯಾಟಿನ್, ಅಂದರೆ ಇಂಗ್ಲಿಷ್‌ನಂಥ ಲಿಪಿ, ಅಂದುಕೊಂಡೇ ಇಷ್ಟು ವರ್ಷ ಹೊತ್ತಿದ್ದವು. ಇಳಿಸುವಾಗ ಡೇಟಾಬೇಸ್ ನಡೆಸುವ ಮೈಎಸ್‌ಕ್ಯೂಎಲ್, ಪಾಪ, ಆ "ಲ್ಯಾಟಿನ್" ಅನ್ನು ನಿಯತ್ತಾಗಿ ಯುನಿಕೋಡ್‌ಗೆ ತಿರುಗಿಸಿತ್ತು.

ಹಿಂದಕ್ಕೆ ತಿರುಗಿಸಲು ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ. ಎರರ್ ಬಂದ ಕಡೆ ಪ್ರಶ್ನೆ ಗುರುತು ಹಾಕಿ ಮುಂದೆ ಹೋಗು ಅಂದೆ. ಕನ್ನಡವೇನೋ ಬಂತು. ಆದರೆ "ಅಮ್ಮ"ನ ನಡುವೆ ಒಂದು ಪ್ರಶ್ನೆ ಗುರುತು, "ಹುಡುಗ"ನಲ್ಲಿ ಎರಡು. ಮೂರು ದಿನ ಅಲ್ಲೇ ಸಿಕ್ಕಿಕೊಂಡೆ.

ಆಗ ಬಂದವರು ಪತ್ರಿಕೆಯ ಕರಡು ತಿದ್ದುವ ಮೇಷ್ಟ್ರು. ಎಪ್ಪತ್ತು ದಾಟಿದೆ, ಕಂಪ್ಯೂಟರ್ ಮುಟ್ಟುವುದಿಲ್ಲ. ಎಲ್ಲವನ್ನೂ ಕೈಯಲ್ಲೇ ತಿದ್ದಬೇಕಾಗಿ ಬಂದರೆ ಎಷ್ಟು ದಿನ ಹಿಡಿಯಬಹುದು ಅಂತ ಕೇಳಲು ಅಕ್ಕ ಅವರಿಗೆ ಹನ್ನೆರಡು ಪುಟ ಪ್ರಿಂಟ್ ಕೊಟ್ಟಿದ್ದರು. ಮರುದಿನ ಬೆಳಗ್ಗೆ ಆರಕ್ಕೆ ನನಗೆ ಫೋನ್.

"ಮಾರಾಯ, ಇದು ಸುಮ್ನೆ ಹಾಳಾಗಿದ್ದಲ್ಲ. ಐದೇ ಹೋಗಿವೆ ನೋಡು. ಕೊಂಬು, ಒತ್ತು, ಏ, ಐ, ಝ. ಕೊಂಬಿನ ದೀರ್ಘ ಕೂಡ ನೆಟ್ಟಗಿದೆ. ಅರ್ಧಾಕ್ಷರವೂ ಹೋಗಿದೆ, ಆದರೆ ಅದೂ ಒತ್ತೂ ನಿನ್ನ ಯಂತ್ರಕ್ಕೆ ಒಂದೇ ಇರಬೇಕು, ಅಲ್ವಾ?"

ಒಂದೇ, ಮೇಷ್ಟ್ರೇ. ಆ ಪಟ್ಟಿ ಹಿಡಿದು ಒಂದೊಂದರ ಕೊನೆಯ ಬೈಟ್ (ಕಂಪ್ಯೂಟರ್ ಅಕ್ಷರವನ್ನು ಇಡುವ ಸಂಕೇತದ ತುಣುಕು) ನೋಡಿದೆ. ಕೊಂಬಿಗೆ 81, ಒತ್ತಿಗೆ 8ಡಿ, ಏ 8ಎಫ್, ಐ 90, ಝ 9ಡಿ. ವಿಂಡೋಸ್‌ನ 1252 ಅಕ್ಷರಪಟ್ಟಿಯಲ್ಲಿ ಖಾಲಿ ಬಿಟ್ಟಿರುವ ಮನೆಗಳು ಐದು. ಅವೇ ಈ ಐದು! ನನ್ನ ಸ್ಕ್ರಿಪ್ಟ್ ನಂಬಿದ್ದು ಆ ಪಟ್ಟಿಯನ್ನು. ಮೈಎಸ್‌ಕ್ಯೂಎಲ್‌ನ ಲ್ಯಾಟಿನ್ ಮಾತ್ರ ಆ ಖಾಲಿ ಮನೆಗಳನ್ನೂ ಹಾಗೇ ಉಳಿಸಿಕೊಳ್ಳುತ್ತದೆ ಅಂತ ಅದರ ಕೈಪಿಡಿಯಲ್ಲೇ ಬರೆದಿದೆ. ಇಳಿಸಿಕೊಂಡಿದ್ದ ಫೈಲನ್ನು ಮತ್ತೆ ಏರಿಸಿ, ಡೇಟಾಬೇಸ್ ಒಳಗೇ ತಿರುಗಿಸಿದೆ. ಮೂರು ನಿಮಿಷವೂ ಹಿಡಿಯಲಿಲ್ಲ. "ಅಮ್ಮ" ಸರಿಯಾಗಿ ಕಂಡಾಗ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಕೈಪಿಡಿಯಲ್ಲಿ ಆ ಸಾಲು ಬರೆದ ಪುಣ್ಯಾತ್ಮರಿಗೆ ನಮಸ್ಕಾರ. ವರ್ಡ್‌ಪ್ರೆಸ್ಸನ್ನು ಆಜ್ಞೆ ಟೈಪಿಸಿ ನಡೆಸುವ ಡಬ್ಲ್ಯೂಪಿ-ಸಿಎಲ್‌ಐ ಕಟ್ಟಿದವರಿಗೂ. ಲಿಂಕುಗಳನ್ನೆಲ್ಲ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್ ಮಾಡುವಾಗ ಒಂದಕ್ಷರ ಜಾಸ್ತಿಯಾಗಿ ಸೈಡ್‌ಬಾರ್ ಮಾಯವಾಗುವ ಹಳೆಯ ಕಾಟ ಇದೆಯಲ್ಲ, ಅದರಿಂದ ಉಳಿಸಿದ್ದು ಅವರು. ವರ್ಡ್‌ಪ್ರೆಸ್ಸನ್ನು ಕನ್ನಡಕ್ಕೆ ತಂದ ಸ್ವಯಂಸೇವಕರಿಗೆ ಅಕ್ಕನ ಪರವಾಗಿಯೂ ಥ್ಯಾಂಕ್ಸ್. ಅಕ್ಕ ಇಂಗ್ಲಿಷ್ ಮೆನು ನೋಡಿದ್ದರೆ ಎಂದೋ ಕೈಬಿಡುತ್ತಿದ್ದರು. ಇನ್ನು ಅಕ್ಕ, ಒಂಬತ್ತು ದಿನದಲ್ಲಿ ಒಮ್ಮೆಯೂ "ಯಾವಾಗ ಆಗುತ್ತೆ" ಅಂತ ಕೇಳಲಿಲ್ಲ. "ಊಟ ಆಯ್ತಾ" ಅಂತ ಮಾತ್ರ ಕೇಳುತ್ತಿದ್ದರು.

ಮೇಷ್ಟ್ರು ಈಗಷ್ಟೇ ಫೋನ್ ಮಾಡಿದ್ದರು. ಮೊಮ್ಮಗಳ ಮೊಬೈಲ್‌ನಲ್ಲಿ ಸೈಟ್ ನೋಡಿದರಂತೆ. ಒಂದು ಕಡೆ "ಮಳೆಗಾಲ" ಹೋಗಿ "ಮಲೆಗಾಲ" ಆಗಿದೆ ಅಂತ ದೂರು. ಹುಡುಕಿ ನೋಡಿದೆ. ಅದು 2009ರಿಂದಲೂ ಹಾಗೇ ಇದೆ ಮೇಷ್ಟ್ರೇ, ಅವತ್ತಿನ ಕರಡು ನೋಡಿದ್ದೂ ನೀವೇ. ತಿದ್ದಿದ್ದೇನೆ.