ಅಕ್ಕನ ಬಳೆ, ಚಿನ್ನದ ಫ್ಲೂಟು

ಮೈಸೂರು

ಪ್ರೀತಿಯ ಮೈತ್ರಿಗೆ ಸೋದರಮಾವನ ಆಶೀರ್ವಾದಗಳು.

14 ಕ್ಯಾರಟ್ ಚಿನ್ನದ ಫ್ಲೂಟಿಗೆಂದು ಅಕ್ಕ ಬಳೆ ಮಾರಲು ಹೊರಟಿರುವುದು ನಿನ್ನೆ ಫೋನಿನಲ್ಲಿ ಗೊತ್ತಾಯಿತು. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಬೇಡ ಮಗಳೇ.

ಲೋಹ ಬದಲಾದರೆ ನಾದವೂ ಬದಲಾಗುತ್ತದೆಯೇ ಎಂಬುದನ್ನು ನೀನು ಓದುತ್ತಿರುವ ವಿಯೆನ್ನಾದಲ್ಲೇ ಒರೆಗೆ ಹಚ್ಚಿ ನೋಡಿದ್ದಾರೆ. ಒಂದೇ ಕಂಪನಿಯ, ಒಂದೇ ಮಾದರಿಯ 7 ಫ್ಲೂಟು: ಬೆಳ್ಳಿ ಲೇಪದ್ದು, ಪೂರ್ತಿ ಬೆಳ್ಳಿಯದು, 9, 14, 24 ಕ್ಯಾರಟ್ ಚಿನ್ನದವು, ಪ್ಲಾಟಿನಂ ಲೇಪದ್ದು, ಪೂರ್ತಿ ಪ್ಲಾಟಿನಂನದು. ಊದಿದವರು ನುರಿತ ವಾದಕರು. 2001ರಲ್ಲಿ ಹೊರಬಂದ ಫಲಿತಾಂಶ ನೋಡಿದರೆ, ಬರೀ ಕಿವಿಯಿಂದ ಲೋಹ ಗುರುತಿಸಲು ಪಳಗಿದವರಿಗೂ ಆಗಲಿಲ್ಲ. ನಾದವಾಗುವುದು ಕೊಳವೆಯೊಳಗಿನ ಗಾಳಿ ತಾನೆ!

ಹಾಗಾದರೆ ಆ ಫ್ಲೂಟು ಊದಿದಾಗ ನಿನಗೆ ಮೈ ಜುಮ್ಮೆಂದದ್ದು ಸುಳ್ಳೇ? ಅಲ್ಲ, ಅದು ಖಂಡಿತ ನಿಜ. ಬೆಲೆಬಾಳುವ ಲೋಹ ಬಳಸುವಾಗ ತಯಾರಕರು ಹೆಡ್‌ಜಾಯಿಂಟನ್ನು (ಊದುವ ರಂಧ್ರವಿರುವ ಮೇಲ್ತುದಿಯ ಭಾಗವನ್ನು) ಕೈಯಾರೆ ತೀಡುತ್ತಾರೆ. ನಿನ್ನ ಉಸಿರು ಸೀಳುವುದು ಊದುವ ರಂಧ್ರದ ಅಂಚಿನಲ್ಲಿ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನಾದ ಬೇರೆ. ದುಡ್ಡು ಕೊಡುವುದಾದರೆ ಆ ಕೈಕೆಲಸಕ್ಕೆ ಕೊಡು.

ಬ್ಯಾಂಡಿನಲ್ಲಿದ್ದಾಗ ನನಗೂ ಇದೇ ಹುಚ್ಚು ಹಿಡಿದಿತ್ತು. ಕೆಳಗಿನ ಸ್ವರಗಳು ಒಡೆಯುತ್ತಿದ್ದವು. ಬೆಳ್ಳಿ ಲೇಪದ ಫ್ಲೂಟಿನ ಹಣೆಬರಹವೇ ಇಷ್ಟು ಎಂದುಕೊಂಡು ಸೊಸೈಟಿ ಸಾಲಕ್ಕೆ ಅರ್ಜಿ ಬರೆದಿಟ್ಟಿದ್ದೆ. ರಿಪೇರಿಯವರು ಸಿಗರೇಟು ಸುತ್ತುವ ತೆಳು ಕಾಗದದ ಚೂರನ್ನು ಒಂದೊಂದೇ ಪ್ಯಾಡಿನಡಿ (ಕೀ ಒತ್ತಿದಾಗ ರಂಧ್ರ ಮುಚ್ಚುವ ಮೆತ್ತೆಯಡಿ) ಇಟ್ಟು, ಕೀ ಒತ್ತಿ ಹಿಡಿದು, ಮೆಲ್ಲಗೆ ಎಳೆದರು. ಉಳಿದ ಕಡೆ ಕಾಗದ ಕಚ್ಚಿಕೊಂಡಿತು. ಎಫ್ ಕೀಯಲ್ಲಿ ಮಾತ್ರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಈಚೆ ಬಂತು. ಗಾಳಿ ಸೋರುತ್ತಿದ್ದುದು ಅಲ್ಲೇ. ಪ್ಯಾಡ್ ಬದಲಾಯಿಸಿದ ಸಂಜೆ ಕೆಳಗಿನ ಸಿ ಸ್ವರ ಮನೆ ತುಂಬಿತು. ಅರ್ಜಿ ಹರಿದುಹಾಕಿದೆ.

ಮೊದಲು ನಿನ್ನ ಬೆಳ್ಳಿ ಫ್ಲೂಟಿನ ಪ್ಯಾಡುಗಳನ್ನೆಲ್ಲ ನೋಡಿಸು. ಆಮೇಲೂ ಮನಸ್ಸು ತುಂಬದಿದ್ದರೆ ಹೆಡ್‌ಜಾಯಿಂಟನ್ನಷ್ಟೇ ಬದಲಿಸು. ನಾಲ್ಕಾರು ಊದಿ ನೋಡು, ಗೆಳತಿಯೊಬ್ಬಳು ಬೆನ್ನು ತಿರುಗಿಸಿ ಕೂತು ಕೇಳಲಿ, ಯಾವ ಲೋಹ ಎಂದು ಅವಳಿಗೆ ಹೇಳಬೇಡ. ಮುಂದೆ ನಿನ್ನ ಸ್ವಂತ ದುಡಿಮೆಯಲ್ಲಿ ಚಿನ್ನದ್ದೇ ಕೊಂಡರೆ ನಾನು ಅಡ್ಡ ಬರುವುದಿಲ್ಲ. ಬೆಳ್ಳಿಯಷ್ಟು ಬೇಗ ಕಪ್ಪಾಗದು, ಕೈಗೂ ಅದರ ಭಾರ ಹಿತ. ಆದರೆ ಈ ಬಳೆ ನಮ್ಮಮ್ಮ ಅಕ್ಕನ ಕೈಗೆ ತೊಡಿಸಿದ್ದು, ಅಲ್ಲೇ ಇರಲಿ.

ಪ್ಯಾಡ್ ಕೆಲಸಕ್ಕೆ ಅಲ್ಲಿ ಎಷ್ಟಾಗುತ್ತದೆಂದು ವಿಚಾರಿಸಿ ತಿಳಿಸು. ಅದನ್ನು ನಾನು ಕಳಿಸುತ್ತೇನೆ.

ಇತಿ,
ನಿನ್ನ ಮಾವ